ಸ್ಪಷ್ಟನೆ: 'ಫ್ರೀ' ಕಮ್ಮಿ ಕಂಡ ಮಾತ್ರಕ್ಕೆ ಸರ್ವರ್‌ನ ಮೆಮೊರಿ ಮುಗಿದಿಲ್ಲ

"ಲಿನಕ್ಸ್ ಸರ್ವರ್‌ನಲ್ಲಿ ಫ್ರೀ ಮೆಮೊರಿ ಕಮ್ಮಿಯಾದರೆ ಗಂಟೆಗೊಮ್ಮೆ ಕ್ಯಾಶ್ ಅಳಿಸಿ, ಸ್ವಾಪಿನೆಸ್ ಸೊನ್ನೆ ಮಾಡಿ, ಸ್ವಾಪ್ ಬಂದ್ ಆಗುತ್ತೆ" ಎಂಬ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ಮಾತು ಸರಿಯಿಲ್ಲ. (ಸ್ವಾಪ್ ಅಂದರೆ ರ‍್ಯಾಮ್‌ನಲ್ಲಿರುವುದನ್ನು ಎತ್ತಿಡಲು ಬಳಸುವ ಡಿಸ್ಕ್ ಜಾಗ; ಅದನ್ನು ಎಷ್ಟು ಬಳಸಬೇಕೆಂಬ ಸೆಟ್ಟಿಂಗೇ ಸ್ವಾಪಿನೆಸ್.)

ಖಾಲಿ ಇರುವ ರ‍್ಯಾಮನ್ನು ಲಿನಕ್ಸ್ ಸುಮ್ನೆ ಬಿಡುವುದಿಲ್ಲ. ಡಿಸ್ಕ್‌ನಿಂದ ಓದಿದ ಫೈಲುಗಳನ್ನು ಅಲ್ಲೇ ಇಟ್ಟುಕೊಳ್ಳುತ್ತದೆ; ಇದೇ ಕ್ಯಾಶ್. ಯಾವುದಾದರೂ ಪ್ರೋಗ್ರಾಮ್ ಜಾಗ ಕೇಳಿದರೆ ಅದರಲ್ಲಿ ಹೆಚ್ಚಿನದನ್ನು ಬಿಟ್ಟುಕೊಡುತ್ತದೆ. ಹಾಗಾಗಿ 'ಫ್ರೀ' ಕಮಾಂಡ್ ಕೊಟ್ಟಾಗ ನೋಡಬೇಕಾದ್ದು 'ಫ್ರೀ' ಕಾಲಂ ಅಲ್ಲ, ಕೊನೆಯಲ್ಲಿರುವ 'ಅವೈಲಬಲ್' ಕಾಲಂ. ಈ ಲೆಕ್ಕವನ್ನು ಲಿನಕ್ಸ್‌ನ ತಿರುಳಾದ ಕರ್ನಲ್ 2014ರ 3.14 ಆವೃತ್ತಿಯಿಂದಲೇ ಕೊಡುತ್ತಿದೆ. ಕ್ಯಾಶ್ ಅಳಿಸಿದರೆ ಅಂಕಿ ಚೆಂದ ಕಾಣುತ್ತದೆ, ಅಷ್ಟೇ. ಅದೇ ಫೈಲುಗಳನ್ನು ಮತ್ತೆ ಡಿಸ್ಕ್‌ನಿಂದ ಓದಬೇಕು, ಅಲ್ವಾ?

ಸ್ವಾಪಿನೆಸ್ ಸೊನ್ನೆ ಮಾಡಿದರೆ ಸ್ವಾಪ್ ಬಳಕೆ ತೀರಾ ಕಮ್ಮಿಯಾಗುತ್ತದೆ, ನಿಲ್ಲುವುದಿಲ್ಲ. ನಿಲ್ಲಿಸಲು 'ಸ್ವಾಪ್‌ಆಫ್' ಕಮಾಂಡ್ ಇದೆ. ಆದರೆ ರ‍್ಯಾಮ್ ಬಿಗಿ ಇರುವಾಗ ಹಾಗೆ ಮಾಡಿದರೆ ಓಓಎಂ ಕಿಲ್ಲರ್ (ಮೆಮೊರಿ ಪೂರ್ತಿ ಮುಗಿದಾಗ ಪ್ರೋಗ್ರಾಮ್ ನಿಲ್ಲಿಸುವ ಕರ್ನಲ್‌ನ ವ್ಯವಸ್ಥೆ) ಬಂದು ಒಂದು ಪ್ರೋಗ್ರಾಮನ್ನೇ ಮುಗಿಸಬಹುದು. ಜಾಸ್ತಿ ಮೆಮೊರಿ ತಿನ್ನುವ ಡೇಟಾಬೇಸೇ ಎಷ್ಟೋ ಸಲ ಬಲಿಯಾಗುತ್ತದೆ.

ಸ್ವಾಪ್‌ನಲ್ಲಿ 500 ಎಂಬಿ ಕೂತಿದೆ ಎಂದು ಗಾಬರಿ ಬೇಡ. ಸೆಕೆಂಡಿಗೊಂದು ಸಾಲು ತೋರಿಸುವ 'ವಿಎಂಸ್ಟ್ಯಾಟ್ 1' ಕಮಾಂಡ್ ಕೊಟ್ಟು 'ಎಸ್‌ಐ', 'ಎಸ್‌ಓ' ಕಾಲಂ ನೋಡಿ; ಸ್ವಾಪ್‌ನಿಂದ ರ‍್ಯಾಮ್‌ಗೆ ಬಂದದ್ದು, ರ‍್ಯಾಮ್‌ನಿಂದ ಸ್ವಾಪ್‌ಗೆ ಹೋದದ್ದು ಎಷ್ಟೆಂದು ಅವು ಹೇಳುತ್ತವೆ. ಮೊದಲ ಸಾಲು ಬಿಡಿ, ಅದು ಬೂಟ್ ಆದಾಗಿನಿಂದ ಬಂದ ಸರಾಸರಿ. ಉಳಿದ ಸಾಲುಗಳಲ್ಲಿ ಈ ಎರಡೂ ಸೊನ್ನೆ ಇದ್ದರೆ ತೊಂದರೆಯಿಲ್ಲ. ಸೆಕೆಂಡು ಸೆಕೆಂಡಿಗೂ ದೊಡ್ಡ ಅಂಕಿ ಬರುತ್ತಿದ್ದರೆ ರ‍್ಯಾಮ್ ನಿಜಕ್ಕೂ ಸಾಲುತ್ತಿಲ್ಲ.