ಹ್ಯೂಜ್‌ಪೇಜಸ್ ಟೋಟಲ್ ಸೊನ್ನೆಯೇ? ಗಾಬರಿ ಬೇಡ

"ಮೆಮ್‌ಇನ್ಫೋ ಫೈಲಿನಲ್ಲಿ ಹ್ಯೂಜ್‌ಪೇಜಸ್ ಟೋಟಲ್ ಸೊನ್ನೆ ಇದ್ದರೆ ನಿಮ್ಮ ಲಿನಕ್ಸ್ ಸರ್ವರ್ ದೊಡ್ಡ ಪೇಜ್ ಬಳಸುತ್ತಲೇ ಇಲ್ಲ, ತಕ್ಷಣ ಹೆಚ್ಚಿಸಿ" ಎಂಬ ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. (ಮೆಮ್‌ಇನ್ಫೋ ಎಂದರೆ ಲಿನಕ್ಸ್ ತನ್ನ ಮೆಮೊರಿಯ ಲೆಕ್ಕ ತೋರಿಸುವ ಫೈಲ್. ಪೇಜ್ ಎಂದರೆ ಮೆಮೊರಿಯ ಒಂದು ತುಂಡು, ಹ್ಯೂಜ್ ಪೇಜ್ ಎಂದರೆ ಮಾಮೂಲಿಗಿಂತ ದೊಡ್ಡ ತುಂಡು.)

ಆ ಸಾಲು ಹೇಳುವುದು ಹ್ಯೂಜ್‌ಟಿಎಲ್‌ಬಿ ಪೂಲ್‌ನ ಲೆಕ್ಕ ಮಾತ್ರ. ಅಂದರೆ ಅಡ್ಮಿನ್ ಬೇರೆಯಾಗಿ ತೆಗೆದಿಡಿಸಿದ ಮೆಮೊರಿ, ಅದೂ ಡೀಫಾಲ್ಟ್ ಸೈಜಿನ ದೊಡ್ಡ ಪೇಜ್‌ಗಳದು. ಕರ್ನಲ್ (ಲಿನಕ್ಸಿನ ತಿರುಳು) ತಾನಾಗಿಯೇ ಕೊಡುವ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್‌ಗಳು ಇದರಲ್ಲಿ ಸೇರುವುದಿಲ್ಲ. ಕರ್ನಲ್‌ನ 2011ರ 2.6.38 ಆವೃತ್ತಿಯಲ್ಲಿ ಬಂದ ಸೌಲಭ್ಯ ಅದು. ಅದಕ್ಕೆ ಅದೇ ಫೈಲಿನಲ್ಲಿ, ತುಸು ಮೇಲೆ, ಅನಾನ್‌ಹ್ಯೂಜ್‌ಪೇಜಸ್ ಎಂಬ ಸಾಲಿದೆ. ಶೇರ್ಡ್ ಮೆಮೊರಿಯದ್ದು (ಪ್ರೋಗ್ರಾಂಗಳು ಹಂಚಿಕೊಳ್ಳುವಂಥದ್ದು) ಶ್‌ಮೆಮ್‌ಹ್ಯೂಜ್‌ಪೇಜಸ್.

ಯೂನಿಟ್ ಕೂಡ ಬೇರೆ ಬೇರೆ, ಜನ ಜಾಸ್ತಿ ಎಡವುವುದು ಇಲ್ಲೇ. ಟೋಟಲ್ ಎಂಬುದು ಪೇಜ್‌ಗಳ ಸಂಖ್ಯೆ, ಅನಾನ್ ಸಾಲು ಕಿಲೋಬೈಟ್‌ನಲ್ಲಿ. ಎಕ್ಸ್86 ಯಂತ್ರದಲ್ಲಿ ಪೇಜ್ 2 ಎಂಬಿ ಇದ್ದರೆ, ಟೋಟಲ್ 1024 ಅಂದರೆ 2 ಜಿಬಿ. ಅನಾನ್ 614400 ಅಂದರೆ 600 ಎಂಬಿ, ಅಂದರೆ 300 ಪೇಜ್.

ಯಾವ ಪ್ರೋಗ್ರಾಂ ಎಷ್ಟು ಬಳಸಿದೆ ಎಂದು ತಿಳಿಯಲು ಅದರ ಮೆಮೊರಿ ವಿವರ ಇರುವ ಸ್ಮ್ಯಾಪ್ಸ್ ಫೈಲ್ ನೋಡಿ. ಕರ್ನಲ್ ಜೊತೆ ಬರುವ ದಾಖಲೆಯಲ್ಲೇ ಇದೆಲ್ಲ ಬರೆದಿದೆ. ಓದುವವರು ಕಡಿಮೆ, ಅಷ್ಟೇ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಸುಮ್ನೆ ಪೂಲ್ ಹೆಚ್ಚಿಸಲೂ ಹೋಗಬೇಡಿ. ಅಲ್ಲಿಗೆ ಹೋದ ಮೆಮೊರಿ ಖಾಲಿ ಬಿದ್ದಿದ್ದರೂ ಮಾಮೂಲಿ ಪ್ರೋಗ್ರಾಂಗಳಿಗೆ ಸಿಗುವುದಿಲ್ಲ, ಸ್ವಾಪ್‌ಗೂ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಹೋಗುವುದಿಲ್ಲ.