ಲೆಪ್ಟಿನ್ ಮಾತ್ರೆ ನುಂಗಿದ್ರೆ ಕೊಬ್ಬು ಕರಗುತ್ತಾ?

"ದಪ್ಪ ಇರುವವರಿಗೆ ಲೆಪ್ಟಿನ್ ಹಾರ್ಮೋನ್ ಕಡಿಮೆ, ಈ ಮಾತ್ರೆ ತಗೊಂಡ್ರೆ ಹಸಿವೇ ಆಗಲ್ಲ" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಬಹುತೇಕರಲ್ಲಿ ವಿಷಯ ಪೂರ್ತಿ ಉಲ್ಟಾ.

ಲೆಪ್ಟಿನ್ ಹೆಚ್ಚಾಗಿ ತಯಾರಾಗುವುದೇ ಕೊಬ್ಬಿನ ಕೋಶಗಳಲ್ಲಿ. ಕೊಬ್ಬು ಜಾಸ್ತಿ ಇದ್ದಷ್ಟೂ ರಕ್ತದಲ್ಲಿ ಅದೂ ಜಾಸ್ತಿ. ಅದು ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್‌ಗೆ ಹೋಗಿ, ಮೈಯಲ್ಲಿ ದಾಸ್ತಾನು ಎಷ್ಟಿದೆ ಅಂತ ತಿಳಿಸುತ್ತದೆ. ತೂಕ ತುಂಬಾ ಏರಿದವರಲ್ಲಿ ಸುದ್ದಿ ತಲುಪಿದರೂ ಮೆದುಳು ಸರಿಯಾಗಿ ಕಿವಿಗೊಡುವುದಿಲ್ಲ. ಅಂಥವರಿಗೆ ಇನ್ನಷ್ಟು ಲೆಪ್ಟಿನ್ ಕೊಟ್ಟು ಏನು ಪ್ರಯೋಜನ, ಅಲ್ವಾ?

ಲೆಪ್ಟಿನ್ ಇಳಿಯುವಾಗ ಮಾತ್ರ ಮೆದುಳು ಬಹಳ ಚುರುಕು. ಡಯಟ್ ಮಾಡಿ ತೂಕ ಇಳಿಸಿದ ಕೂಡಲೇ ಲೆಪ್ಟಿನ್ ಕುಸಿಯುತ್ತದೆ, ಮೆದುಳು ಅದನ್ನು ಬರಗಾಲ ಅಂತ ತಿಳಿದು ಹಸಿವು ಹೆಚ್ಚಿಸುತ್ತದೆ, ಮೈ ಖರ್ಚು ಮಾಡುವ ಶಕ್ತಿಯನ್ನೂ ತಗ್ಗಿಸುತ್ತದೆ. ಇಳಿದ ತೂಕ ವಾಪಸ್ ಬರೋದಕ್ಕೆ ಇದೂ ಒಂದು ಕಾರಣ. ಸುಮ್ನೆ "ಬಾಯಿ ಕಟ್ಟಲ್ಲ" ಅಂತ ಬೈಯೋರು ಇದನ್ನು ಗಮನಿಸಬೇಕು.

ಫಾರ್ವರ್ಡ್‌ನಲ್ಲಿ ಚೂರು ನಿಜವೂ ಇದೆ. 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಜೀನ್ ಪತ್ತೆ ಮಾಡಿತು. 1999ರಲ್ಲಿ ಕೇಂಬ್ರಿಡ್ಜ್ ವೈದ್ಯರು, ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ, 94 ಕೆಜಿ ತೂಗುತ್ತಿದ್ದ 9 ವರ್ಷದ ಹುಡುಗಿಗೆ ಅದನ್ನು ಕೊಟ್ಟಾಗ ಒಂದು ವರ್ಷದಲ್ಲಿ 16 ಕೆಜಿ ಇಳಿಯಿತು. ಆದರೆ ಇಂಥ ಕೊರತೆ ತೀರಾ ಅಪರೂಪ, ಕೊಟ್ಟಿದ್ದೂ ಮಾತ್ರೆಯಲ್ಲ, ಇಂಜೆಕ್ಷನ್. ಲೆಪ್ಟಿನ್ ಒಂದು ಪ್ರೋಟೀನ್. ನುಂಗಿದರೆ ಬೇಳೆಯ ಪ್ರೋಟೀನ್ ಥರಾನೇ ಜೀರ್ಣವಾಗಿಬಿಡುತ್ತದೆ. ಲೆಪ್ಟಿನ್ ಹೆಸರಲ್ಲಿ ಮಾರುವ ಎಷ್ಟೋ ಡಬ್ಬಿಗಳಲ್ಲಂತೂ ಲೆಪ್ಟಿನ್ನೇ ಇರುವುದಿಲ್ಲ.