ಕುಸಿದ ಗುಡ್ಡಕ್ಕೆ ಆರೋಪಿ ಬೇಕಾಗಿದ್ದಾನೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಿರಿನಗರಗಳಲ್ಲಿ ಈ ನೆಪ ಹೇಳುವ ಕಷ್ಟವೇ ಇಲ್ಲ, ಅಲ್ಲಿ ನೆಲ ನಿಜವಾಗಿಯೂ ಡೊಂಕು. ಬ್ರಿಟಿಷರು ಶಿಮ್ಲಾವನ್ನು ಬೇಸಿಗೆ ರಾಜಧಾನಿ ಮಾಡಿಕೊಂಡ 1864ರಲ್ಲೂ ಡೊಂಕಾಗಿತ್ತು, ಈಗಲೂ ಡೊಂಕಾಗಿಯೇ ಇದೆ. ಆದರೂ ಮಳೆಗಾಲದಲ್ಲಿ ಗುಡ್ಡ ಕೆಳಗಿಳಿದು ಬಂದಾಗಲೆಲ್ಲ ಆಡಳಿತಕ್ಕೆ ಅದು ಹೊಸ ಸುದ್ದಿ. ಕೂಡಲೇ ಆರೋಪಿಯ ಹುಡುಕಾಟ ಶುರುವಾಗುತ್ತದೆ.

ಮೊದಲು ಸಿಕ್ಕಿಬೀಳುವುದು ಮಳೆ. ‘ಹಿಂದೆಂದೂ ಕಂಡರಿಯದ ಮಳೆ’ ಎಂಬ ಹೇಳಿಕೆ ಹಿಂದೆ ಎಷ್ಟೋ ಬಾರಿ ಕಂಡರಿತದ್ದು. ಮಳೆ ಅನುಕೂಲದ ಆರೋಪಿ: ವಕೀಲರನ್ನು ಇಡುವುದಿಲ್ಲ, ಮತ ಹಾಕುವುದಿಲ್ಲ, ಅಕ್ಟೋಬರ್ ಹೊತ್ತಿಗೆ ತಾನೇ ತಲೆಮರೆಸಿಕೊಳ್ಳುತ್ತದೆ.

2023ರ ಆಗಸ್ಟ್ 14ರಂದು ಶಿಮ್ಲಾದ ಸಮ್ಮರ್ ಹಿಲ್‌ನಲ್ಲಿ ಗುಡ್ಡ ಜಾರಿ, ಶಿವ ದೇವಾಲಯವನ್ನು ಹೊತ್ತೊಯ್ದು, ಇಪ್ಪತ್ತು ಜನ ಸತ್ತರು. ಮೇಲೆ ಹಾದುಹೋಗಿದ್ದ ಕಾಲ್ಕಾ-ಶಿಮ್ಲಾ ರೈಲು ಹಳಿಯ ಅಡಿಯ ಮಣ್ಣು ಹೋಗಿ, ಹಳಿ ಗಾಳಿಯಲ್ಲಿ ತೂಗಾಡಿತು. ಮುಂದಿನ ತಿಂಗಳೇ ಎರಡನೆಯ ಆರೋಪಿ ಪತ್ತೆಯಾದ: ಮಾಂಸಾಹಾರ. ಪ್ರಾಣಿಹಿಂಸೆಯಿಂದಲೇ ಹಿಮಾಚಲದಲ್ಲಿ ಭೂಕುಸಿತಗಳಾಗುತ್ತಿವೆ ಎಂದು ವಿದ್ಯಾರ್ಥಿಗಳಿಗೆ ತಿಳಿಸಿದವರು ಯಾವುದೋ ಮಠದ ಸ್ವಾಮಿಗಳಲ್ಲ, ಐಐಟಿ ಮಂಡಿಯ ನಿರ್ದೇಶಕರು. ಅದೇ ಸಂಸ್ಥೆಯ ಸಂಶೋಧಕರು ಭೂಕುಸಿತದ ಮುನ್ಸೂಚನೆ ಕೊಡುವ ಅಗ್ಗದ ಉಪಕರಣವೊಂದನ್ನು ತಯಾರಿಸಿದ್ದರು. ಮಣ್ಣಿನ ತೇವ, ಮಣ್ಣಿನ ಚಲನೆ ಎಲ್ಲವನ್ನೂ ಅದು ಅಳೆಯುತ್ತದೆ. ಊಟದ ತಟ್ಟೆಯನ್ನು ಇಣುಕಿ ನೋಡುವ ಸೌಲಭ್ಯವೊಂದು ಅದರಲ್ಲಿ ಬಿಟ್ಟುಹೋಗಿದೆ.

ಸಸ್ಯಾಹಾರಿಗಳೂ ಮನೆ ಕಟ್ಟುವ ಬಗೆ ಹೀಗಿದೆ. ಮನೆಗೆ ಮಟ್ಟಸವಾದ ನೆಲ ಬೇಕು, ಬೆಟ್ಟದಲ್ಲಿ ಅದಿಲ್ಲ. ಆದ್ದರಿಂದ ಇಳಿಜಾರಿನ ಬುಡವನ್ನು ಯಂತ್ರದಿಂದ ನೆಟ್ಟಗೆ ಕಡಿದು, ಕಡಿದ ಮಣ್ಣನ್ನು ಹೊರಬದಿಗೆ ಸುರಿದು ಅಂಗಳ ಮಾಡಿಕೊಳ್ಳುತ್ತಾರೆ. ಅರ್ಧ ಮನೆ ಬೆಟ್ಟದ ಮೇಲೆ, ಇನ್ನರ್ಧ ಬೆಟ್ಟದ ನೆನಪಿನ ಮೇಲೆ. ಅದರ ಮೇಲೆ ಐದು ಅಂತಸ್ತು. ಚಾವಣಿಯ ನೀರು, ಬಚ್ಚಲ ನೀರು, ಶೌಚಗುಂಡಿಯ ನೀರು ಎಲ್ಲವೂ ಹಿತ್ತಿಲ ಮಣ್ಣಿಗೆ. ನೀರು ತುಂಬಿದಂತೆ ಮಣ್ಣಿನ ಕಣಗಳು ಪರಸ್ಪರ ಹಿಡಿದುಕೊಂಡಿದ್ದ ಹಿಡಿತ ಸಡಿಲುತ್ತದೆ. ಬುಡದ ಆಸರೆಯನ್ನು ಮೊದಲೇ ಕಡಿದಾಗಿದೆ. (ನಗುವುದಕ್ಕೆ ಶಿಮ್ಲಾವರೆಗೆ ಹೋಗಬೇಕಿಲ್ಲ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗೆ ಇಳಿದು ಬಂದ ಗುಡ್ಡದ ಬುಡವನ್ನೂ ಕಡಿದೇ ಇಟ್ಟಿದ್ದರು.)

ಹೆದರಿಕೆಯಾದಾಗ ತಡೆಗೋಡೆ ಕಟ್ಟುತ್ತಾರೆ. ಹಿಂದಿನ ನೀರು ಬಸಿದುಹೋಗಲು ಅದರಲ್ಲಿ ತೂತುಗಳಿರಬೇಕು, ಇಲ್ಲದಿದ್ದರೆ ಅದು ಪರವಾನಗಿಯಿಲ್ಲದ ಅಣೆಕಟ್ಟು. ಆದರೆ ತಡೆಗೋಡೆಗೆ ಉದ್ಘಾಟನೆಯುಂಟು, ಶಿಲಾಫಲಕವುಂಟು. ತೂತಿಗೆ ಯಾವ ಸಚಿವರು ಬಂದು ಟೇಪು ಕತ್ತರಿಸುತ್ತಾರೆ?

ಸುಮಾರು 25 ಸಾವಿರ ಜನರಿಗೆಂದು ಕಟ್ಟಿದ್ದು ಎನ್ನಲಾಗುವ ಶಿಮ್ಲಾದಲ್ಲಿ 2011ರ ಜನಗಣತಿಯ ಹೊತ್ತಿಗೇ 1.7 ಲಕ್ಷ ಜನರಿದ್ದರು. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಗರದ ಹೃದಯಭಾಗದಲ್ಲಿ ಹೊಸ ಕಟ್ಟಡವೇ ಬೇಡ, ಉಳಿದೆಡೆ ಎರಡು ಅಂತಸ್ತು ಮತ್ತೊಂದು ಅಟ್ಟ ಸಾಕು ಎಂದಿತು. ನಗರ ಯೋಜನೆ ರೂಪಿಸುವುದು ನ್ಯಾಯಮಂಡಳಿಯ ಕೆಲಸವಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಬದಿಗಿರಿಸಿ, ರಾಜ್ಯದ 2041ರವರೆಗಿನ ಯೋಜನೆಗೆ ದಾರಿ ಬಿಟ್ಟಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು. ಗುಡ್ಡ ಮಾತ್ರ ಆ ಮೊಕದ್ದಮೆಯಲ್ಲಿ ಕಕ್ಷಿದಾರನಾಗಿರಲಿಲ್ಲ, ತೀರ್ಪಿನ ಪ್ರತಿ ಅದಕ್ಕೆ ತಲುಪಿಲ್ಲ.

ಮೂರನೆಯ ಆರೋಪಿ ಸಿಕ್ಕಿದ್ದು ಉತ್ತರಾಖಂಡದ ಜೋಶಿಮಠದಲ್ಲಿ: ಅಳತೆ. ಆ ಊರು ಹಳೆಯ ಭೂಕುಸಿತದ ರಾಶಿಯ ಮೇಲೆಯೇ ಕುಳಿತಿದೆ, ಬಂಡೆ ಕೀಳಬೇಡಿ, ಮರ ಕಡಿಯಬೇಡಿ ಎಂದು ಮಿಶ್ರಾ ಸಮಿತಿ 1976ರಲ್ಲೇ ಹೇಳಿತ್ತು. ವರದಿಯನ್ನು ಭದ್ರವಾಗಿ ಇಡಲಾಯಿತು; ಆ ಊರಿನಲ್ಲಿ ಭದ್ರವಾಗಿ ಉಳಿದದ್ದು ಅದೊಂದೇ ಇರಬೇಕು. 2023ರ ಜನವರಿಯಲ್ಲಿ ಮನೆಗಳು ಬಿರುಕು ಬಿಟ್ಟಾಗ, ಊರು 12 ದಿನಗಳಲ್ಲಿ 5.4 ಸೆಂಟಿಮೀಟರ್ ಕುಸಿದಿದೆ ಎಂದು ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ಸರ್ಕಾರ ಚುರುಕಾಯಿತು. ವಿಜ್ಞಾನ ಸಂಸ್ಥೆಗಳು ಮಾಧ್ಯಮಗಳೊಂದಿಗೆ ಮಾತನಾಡಬಾರದೆಂಬ ಸೂಚನೆ ಹೊರಟಿತು, ಇಸ್ರೋದ ವರದಿ ಜಾಲತಾಣದಿಂದ ಮಾಯವಾಯಿತು. ನೆಲ ಕುಸಿಯುವುದನ್ನು ನಿಲ್ಲಿಸಲಾಗದಿದ್ದರೂ ಸೆಂಟಿಮೀಟರನ್ನು ನಿಲ್ಲಿಸಿದರು.

ಹಾಂಗ್‌ಕಾಂಗ್‌ನವರಿಗೆ ಇಂಥ ಕಲ್ಪನಾಶಕ್ತಿ ಇಲ್ಲ. 1972ರ ಜೂನ್ 18ರ ಒಂದೇ ದಿನ ಅಲ್ಲಿ ಎರಡು ಕಡೆ ಇಳಿಜಾರು ಕುಸಿದು 138 ಜನ ಸತ್ತರು, 1976ರಲ್ಲಿ ಮತ್ತೆ 18 ಜನ. ಮರುವರ್ಷವೇ ಇಳಿಜಾರುಗಳಿಗೆಂದೇ ಒಂದು ಕಚೇರಿ ತೆರೆದರು. ಈಗ ಸುಮಾರು 60 ಸಾವಿರ ಮಾನವನಿರ್ಮಿತ ಇಳಿಜಾರುಗಳು ಪಟ್ಟಿಯಲ್ಲಿವೆ. ಒಂದೊಂದಕ್ಕೂ ಬಸ್ಸಿಗಿರುವಂತೆ ನೋಂದಣಿ ಸಂಖ್ಯೆ. ಯಾವ ಇಳಿಜಾರಿನ ಚರಂಡಿಯ ಎಲೆ ಯಾರು ತೆಗೆಯಬೇಕೆಂದು ದಾಖಲೆಯೇ ಹೇಳುತ್ತದೆ. ಅಪಾಯದ ಇಳಿಜಾರನ್ನು ದುರಸ್ತಿ ಮಾಡದ ಮಾಲೀಕನಿಗೆ ಆದೇಶ ಹೋಗುತ್ತದೆ. ಎಂಥ ನೀರಸ ಆಡಳಿತ! ಅಲ್ಲಿ ಆರೋಪಿಯನ್ನು ಹುಡುಕುವ ರೋಮಾಂಚನವೇ ಇಲ್ಲ, ವಿಳಾಸ ಮೊದಲೇ ಬರೆದಿರುತ್ತದೆ.

ಹಾಗೆಂದು ನಾವು ಫಲಕ ನೆಡುವುದರಲ್ಲಿ ಹಿಂದೆ ಬಿದ್ದಿಲ್ಲ. ಘಟ್ಟದ ರಸ್ತೆಯಲ್ಲಿ, ಕಡಿದ ಗುಡ್ಡದ ಬುಡದಲ್ಲೇ ಹಳದಿ ಬಣ್ಣದ ಫಲಕವಿರುತ್ತದೆ: ‘ಭೂಕುಸಿತ ಪ್ರದೇಶ. ನಿಧಾನವಾಗಿ ಚಲಿಸಿ.’ ವಾಹನಕ್ಕೆ ಹೇಳಿದ್ದೋ, ಗುಡ್ಡಕ್ಕೆ ವಿನಂತಿಸಿಕೊಂಡದ್ದೋ, ಕೆಳಗೆ ಯಾರ ಸಹಿಯೂ ಇರುವುದಿಲ್ಲ.